ಖಾಸಿಂ ಬೀಯನ್ನು ಆಕೆಯ ಸ್ವಂತ ದೇಶಕ್ಕೆ ಗಡೀಪಾರು ಮಾಡುವ ಬಗ್ಗೆ

ನಮ್ಮ ಹೊರಠಾಣೆಯ ಹೆಡ್ ಕಾನ್ಸ್‌ಟೇಬಲ್ ಸಾಹೇಬರ ಸನ್ನಿಧಿಗೆ,
ಮಲ್ಲಟದಿಂದ, ೧೯೮೩ನೆಯ ಇಸವಿ ಜನವರಿ, ಮಂಗಳವಾರ

ಮಾನ್ಯರೇ,

ತಮ್ಮ ಟೋಪಿಗೂ, ತಮ್ಮ ಮೇಜಿಗೂ, ಆ ಮೇಜಿನ ಮೋಟು ಕಾಲಿಗೆ ಆಧಾರವಾಗಿ ನಿಂತಿರುವ ಕಾನೂನು ಪುಸ್ತಕಕ್ಕೂ ಮೊದಲು ಕೈಮುಗಿದು, ತಮ್ಮ ಮನೆಯವರ ಕ್ಷೇಮವನ್ನೂ ಠಾಣೆಯ ಬೇವಿನ ಮರದ ಕ್ಷೇಮವನ್ನೂ ವಿಚಾರಿಸಿಕೊಂಡು, ಮಲ್ಲಟದ ಪರಮಣ್ಣ ಎಂಬ ನಾನು ಬರೆದುಕೊಳ್ಳುವುದೇನೆಂದರೆ, ದೇಶದೇಶಗಳ ಗಡಿ ವ್ಯವಹಾರದಲ್ಲಿ ನಾನು ಹೊಸಬನಲ್ಲ. ಚೀನಾದ ಗಡಿಯನ್ನು ಎಲ್ಲಿ ಎಳೆಯಬೇಕೆಂದು ವಿಶ್ವಸಂಸ್ಥೆಯವರು ಎರಡು ಸಲ ತಂತಿ ಕಳುಹಿಸಿ ನನ್ನನ್ನು ಕೇಳಿದ್ದರು. ಮೊದಲನೆಯ ಸಲ ಕುರಿಗಳ ಉಣ್ಣೆ ಕತ್ತರಿಸುವ ಕೆಲಸವಿತ್ತು, ಎರಡನೆಯ ಸಲ ಷಡ್ಡಕನ ಮಗಳ ಮದುವೆಯಿತ್ತು, ಹೀಗಾಗಿ ಹೋಗಲಾಗಲಿಲ್ಲ; ಆ ಗಡಿ ಇನ್ನೂ ಸರಿಹೋಗಿಲ್ಲವೆಂಬುದನ್ನು ತಾವು ಪತ್ರಿಕೆಯಲ್ಲಿ ಓದಿರಬಹುದು. ನಾಲ್ಕನೆಯ ತರಗತಿ ಮುಗಿಸಿದ ನಾನು ಐದಕ್ಕೆ ಹೋಗದೆ ಉಳಿದದ್ದು, ನನ್ನೆದುರು ಪಾಠ ಹೇಳಲು ಮಾಸ್ತರರು ನಾಚಿಕೊಳ್ಳಬಾರದು ಎಂಬ ಒಂದೇ ಕಾರಣಕ್ಕೆ.

ನನ್ನ ಅರ್ಜಿ ಸಣ್ಣದು. ನಮ್ಮೂರ ಸೂಲಗಿತ್ತಿ ಖಾಸಿಂ ಬೀ, ಅರವತ್ತು ದಾಟಿದ ಮುದುಕಿ, ಬರುವ ಶುಕ್ರವಾರ ಬೆಳಗಿನ ಬಸ್ಸಿಗೆ ರಾಯಚೂರಿಗೆ ಹೋಗಿ, ಕರಾಚಿಯಿಂದ ಬಂದಿರುವ ತಂಗಿ ಹುಸೇನ್ ಬೀಯನ್ನು ರೈಲು ಹತ್ತಿಸಿ, ಮರುದಿನ ಊರಿಗೆ ಹಿಂತಿರುಗಲು ತಮ್ಮ ಅಪ್ಪಣೆ ಬೇಕಾಗಿದೆ. ಪರದೇಶದಿಂದ ಬಂದ ತಂಗಿಗೆ ಅಪ್ಪಣೆ ಬೇಕಿಲ್ಲ, ಆಕೆಯ ಕಾಗದಪತ್ರ ಅಚ್ಚುಕಟ್ಟಾಗಿವೆ. ಅಪ್ಪಣೆ ಬೇಕಾಗಿರುವುದು ಕೃಷ್ಣಾ ನದಿಯನ್ನೇ ದಾಟದ ಅಕ್ಕನಿಗೆ. ಇದು ಹೇಗೆಂದು ತಮಗೆ ಗೊತ್ತು. ಆದರೆ ಈ ಪತ್ರದ ಇನ್ನೊಂದು ಪ್ರತಿಯನ್ನು ಮೌನಪ್ಪನ ಚಹಾದಂಗಡಿಯ ಗೋಡೆಗೆ ಅಂಟಿಸುವವನಿದ್ದೇನಾದ್ದರಿಂದ, ಅಲ್ಲಿ ಚಹಾ ಕುಡಿಯುವ ಮಹನೀಯರಿಗೂ ತಿಳಿಯಲೆಂದು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಿಜಾಮರ ಆಳ್ವಿಕೆ ಮುಗಿದ ಎರಡು ವರ್ಷಕ್ಕೆ ಗಂಡನ ಬೆನ್ನು ಹಿಡಿದು ಕರಾಚಿಗೆ ಹೋದ ಹುಸೇನ್ ಬೀ, ಮೂವತ್ತಮೂರು ವರ್ಷದ ಮೇಲೆ, ಅಕ್ಕನ ಮುಖ ನೋಡಲು ಹದಿನೈದು ದಿನದ ವೀಸಾ ತಂದು ಮಲ್ಲಟಕ್ಕೆ ಬಂದಳು. ಪರದೇಶದವರು ಪೊಲೀಸರಲ್ಲಿ ಹೆಸರು ಬರೆಸಬೇಕೆಂಬ ನಿಯಮವಿದೆಯಂತೆ. ಪಾಪ, ರಾಯಚೂರಿನಲ್ಲಿ ಬರೆಸಿದ್ದು ಸಾಲದೆಂದು ಮರುದಿನವೇ ಒಂದು ಹರದಾರಿ ನಡೆದು ತಮ್ಮ ಠಾಣೆಗೂ ಬಂದಳು. ಜೊತೆಗೆ ಅಕ್ಕ ಬಂದಳು. ಅಕ್ಕನ ಜೊತೆ ನಾನು ಬಂದೆ, ಏಕೆಂದರೆ ಠಾಣೆಯಲ್ಲಿ ಕಾನೂನು ತಿಳಿದವನು ಒಬ್ಬನಾದರೂ ಇರಬೇಕಲ್ಲ.

ತಾವು ಹುಸೇನ್ ಬೀಯ ಪಾಸ್‌ಪೋರ್ಟನ್ನು ಹಾಳೆ ಹಾಳೆಯಾಗಿ ತಿರುವಿದಿರಿ. ಫೋಟೋ ಇತ್ತು, ಅಂಕಿಯಿತ್ತು, ಐದು ಕಡೆ ಮೊಹರಿತ್ತು. "ಕಾಗದ ಅಂದ್ರ ಹಿಂಗಿರಬೇಕ ನೋಡು" ಎಂದು ಪೇದೆಗೆ ತೋರಿಸಿದಿರಿ, ಆಕೆಗೆ ಕುರ್ಚಿ ಹಾಕಿಸಿದಿರಿ, ಚಹಾ ತರಿಸಿದಿರಿ. ಆಮೇಲೆ, ಬಾಗಿಲ ಬಳಿ ನೆಲಕ್ಕೆ ಕೂತಿದ್ದ ಅಕ್ಕನ ಕಡೆ ತಿರುಗಿ, "ನಿಂದೇನದ ಬೇ, ತೆಗಿ" ಎಂದಿರಿ.

"ನಂದೇನಿರ್ತದ ಯಪ್ಪಾ, ನಾ ಇಲ್ಲೇ ಹುಟ್ಟೀನಿ" ಎಂದಳು ಖಾಸಿಂ ಬೀ.

"ಇಲ್ಲೇ ಹುಟ್ಟೀನಂತ ಎಲ್ಲಾರೂ ಅಂತಾರ. ನೋಡಿದವ್ರು ಯಾರು?"

"ನಮ್ಮವ್ವ ನೋಡಿದ್ಳು."

"ಕರಕೊಂಡ ಬಾ."

"ಆಕಿ ಮಣ್ಣಾಗ ಹೋಗಿ ನಲವತ್ತು ವರ್ಷ ಆತು."

ತಾವು ಪುಸ್ತಕದಲ್ಲಿ "ಸಾಕ್ಷಿ ಗೈರುಹಾಜರು" ಎಂದು ಬರೆದುಕೊಂಡಿರಿ. ಇಷ್ಟು ಚೊಕ್ಕ ತನಿಖೆಯನ್ನು ನಾನು ನನ್ನ ಜೀವಮಾನದಲ್ಲಿ ಕಂಡಿಲ್ಲ. ರೇಷನ್ ಕಾರ್ಡು ತಂದು ತೋರಿಸಿದರೆ, ಅದು ಸಕ್ಕರೆಗೆ ಮಾತ್ರ, ದೇಶಕ್ಕಲ್ಲ ಎಂದು ತೀರ್ಪು ಕೊಟ್ಟಿರಿ. ಮತದಾರರ ಪಟ್ಟಿ ತರಿಸಿದರೆ ಅದರಲ್ಲಿ ಆಕೆ ಇಪ್ಪತ್ತಾರು ವರ್ಷದ ಗಂಡಸಾಗಿ ಅಚ್ಚಾಗಿದ್ದಳು, ಹಾಗಾಗಿ ಅನುಮಾನ ಇನ್ನೂ ಗಟ್ಟಿಯಾಯಿತು. ಪರದೇಶದವರನ್ನು ಹುಡುಕಿರೆಂದು ಮೇಲಿನಿಂದ ತಮಗೊಂದು ಸುತ್ತೋಲೆ ಬಂದಿತ್ತಂತೆ. ಹನ್ನೊಂದು ವರ್ಷಗಳ ಕಾಲ ಬರೀ ಕಳೆದುಹೋದ ಮೇಕೆ, ಒಡೆದ ಬದು, ಕದ್ದ ಕಾಲುವೆ ನೀರು ಇಷ್ಟನ್ನೇ ಹುಡುಕಿ ಸಿಗದೆ ಬೇಸತ್ತಿದ್ದ ತಮಗೆ, ಹುಡುಕುವ ಮೊದಲೇ ಎದುರಿಗೆ ಬಂದು ಕೂತ ಅಪರಾಧ ಇದೊಂದೇ. ತಮ್ಮ ಸಂತೋಷ ನನಗೆ ಅರ್ಥವಾಗುತ್ತದೆ.

ಅಲ್ಲಿಂದ ಮುಂದೆ ತಾವು ಊರನ್ನೇ ತಪಾಸಣೆಗೆ ಹಿಡಿದಿರಿ. ಶಾಲೆಯ ದಾಖಲೆ ಪುಸ್ತಕ ತರಿಸಿ ನೋಡಿದರೆ, ಮಲ್ಲಟದ ನಲವತ್ತೊಂದು ಗಂಡಸರು ಜೂನ್ ಒಂದನೆಯ ತಾರೀಖಿಗೇ ಹುಟ್ಟಿದ್ದರು, ನನ್ನನ್ನೂ ಸೇರಿಸಿ. ನಮ್ಮ ಕಡೆಯ ಪದ್ಧತಿ ಗೊತ್ತಿದ್ದವರಿಗೆ ಇದರಲ್ಲಿ ವಿಶೇಷವೇನಿಲ್ಲ: ಹುಟ್ಟಿದ ದಿನ ಯಾವ ತಂದೆತಾಯಿಗೂ ನೆನಪಿರುವುದಿಲ್ಲ, ಹೆಸರು ಹಚ್ಚುವ ದಿನ ಮಾಸ್ತರರು ಹುಡುಗನ ಎತ್ತರ ನೋಡಿ ವರ್ಷವನ್ನೂ, ಶಾಲೆ ಶುರುವಾಗುವ ತಿಂಗಳು ನೋಡಿ ತಾರೀಖನ್ನೂ ಬರೆದುಬಿಡುತ್ತಾರೆ. ಆದರೆ ತಾವು ಇಲಾಖೆಯವರು. "ಒಂದ ಊರಾಗ ಒಂದ ದಿನಾ ನಲವತ್ತೊಂದು ಮಂದಿ ಹುಟ್ಯಾರಂದ್ರ ಇದರ ಹಿಂದ ಯಾರೋ ಇದ್ದಾರ" ಎಂದಿರಿ.

"ಹೌದ್ರಿ, ಹಿಂದ ನಾನ ಇದ್ದೆ" ಎಂದಳು ಖಾಸಿಂ ಬೀ. "ಆದ್ರ ಒಂದ ದಿನಾ ಇಷ್ಟೂ ಮಂದೀನ ಹಡಸಿದ್ರ, ನಾ ಇವತ್ತ ನಿಮ್ಮ ಮುಂದ ಕುಂದ್ರಾಕ ಉಳೀತಿದ್ದಿಲ್ಲ."

ಇದನ್ನು ತಾವು ತಪ್ಪೊಪ್ಪಿಗೆ ಎಂದು ಬರೆದುಕೊಂಡಿರೋ ಹೇಗೋ ತಿಳಿಯದು. ಈ ಊರಿನಲ್ಲಿ ಯಾರು ಯಾವಾಗ ಹುಟ್ಟಿದರೆಂದು ಹೇಳಬಲ್ಲ ದಾಖಲೆ ಆಕೆಯೊಬ್ಬಳೇ. ಕೆರೆ ಒಡೆದ ವರ್ಷ ಯಾರು, ಮಿಡತೆ ಬಂದ ವರ್ಷ ಯಾರು, ಹುಟ್ಟುವಾಗಲೇ ಸುಳ್ಳು ಅಳು ಅತ್ತವರು ಯಾರು (ಅದು ನಾನಂತೆ), ಎಲ್ಲ ಆಕೆಯ ತಲೆಯಲ್ಲಿದೆ. ಊರಿಗೆಲ್ಲ ಹುಟ್ಟಿನ ಸಾಕ್ಷಿ ಹೇಳಬಲ್ಲವಳಿಗೆ ಮಾತ್ರ ತನ್ನ ಹುಟ್ಟಿಗೆ ಸಾಕ್ಷಿಯಿಲ್ಲ. ತಾವು ಹಿಡಿದದ್ದು ನಮ್ಮ ಇಡೀ ದಫ್ತರವನ್ನೇ ಸ್ವಾಮಿ.

ತಮ್ಮ ಆಜ್ಞೆ ಹೀಗಿತ್ತು: ವಿಚಾರಣೆ ಮುಗಿಯುವವರೆಗೆ ಖಾಸಿಂ ಬೀ ದಿನಾ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಠಾಣೆಗೆ ಬಂದು ಹೆಬ್ಬೆಟ್ಟು ಒತ್ತಬೇಕು, ಠಾಣೆಯ ಸರಹದ್ದು ದಾಟಬಾರದು. ಎರಡು ಸಲ ನಡೆದು ಬರುವ ಕಾಲು ಆಕೆಗಿಲ್ಲ. ಹಾಗಾಗಿ ಬೆಳಿಗ್ಗೆ ಬಂದವಳು ಸಂಜೆಯವರೆಗೆ ತಮ್ಮ ಬೇವಿನ ಮರದಡಿಯೇ ಕೂರುತ್ತಾಳೆ. ಮೂವತ್ತಮೂರು ವರ್ಷಕ್ಕೆ ಸಿಕ್ಕ ಅಕ್ಕನನ್ನು ಬಿಟ್ಟು ತಂಗಿ ಮನೆಯಲ್ಲಿ ಹೇಗಿದ್ದಾಳು, ಆಕೆಯೂ ಬರುತ್ತಾಳೆ. ಹದಿನೈದರಲ್ಲಿ ಹನ್ನೊಂದು ದಿನ ಈಗಾಗಲೇ ಆ ಮರದಡಿ ಕಳೆದಿವೆ.

ಮೊನ್ನೆ ನಾನೂ ಅಲ್ಲಿದ್ದೆ. "ನಿನ್ನ ಮನಿ ನೋಡಾಕ ಬಂದ್ರ ಠಾಣೆ ತೋರಸಾಕತ್ತೀಯಲ್ಲ ಅಕ್ಕಾ" ಎಂದು ಹುಸೇನ್ ಬೀ ಅಂದಳು. "ಮನಿಯಾಗೇನದ, ಬರೇ ಇಲಿ. ಇಲ್ಲಿ ನೆರಳರ ಅದ, ತಿನ್ನು" ಎಂದು ಅಕ್ಕ ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಕೊಟ್ಟಳು. ತಮಗೂ ಎರಡು ಕಳುಹಿಸಿದಳು. ತಾವು ತಿಂದಿರಿ, ಆ ರೊಟ್ಟಿ ಎಲ್ಲಿ ಹುಟ್ಟಿತೆಂದು ಕೇಳದೆ ತಿಂದಿರಿ. ತಮ್ಮಲ್ಲಿ ಕರುಣೆ ಇದೆಯೆಂದು ನನಗೆ ಆವತ್ತೇ ಗೊತ್ತಾಯಿತು. ಅದಕ್ಕೇ ಈ ಪತ್ರ ಬರೆಯುವ ಧೈರ್ಯ ಬಂದದ್ದು.

ತಮ್ಮ ಸೇವೆಯ ಫಲವನ್ನೂ ಇಲ್ಲಿ ಹೊಗಳದಿದ್ದರೆ ತಪ್ಪಾದೀತು. ಕಳೆದ ವಾರ ನಮ್ಮ ಬೂದೆಪ್ಪನ ಹದಿನಾಲ್ಕು ಕುರಿ ಕಳುವಾದವು. ದೂರು ಕೊಡು ನಡಿ ಎಂದರೆ, "ಬ್ಯಾಡೋ ಮಾರಾಯ, ಕುರಿ ಹೋದ್ರ ಹೋಗ್ಲಿ, ಠಾಣೆಗೆ ಹೋದ್ರ ನಾನೂ ಹೋಗ್ತೀನಿ" ಅಂದ. ಹತ್ತಿ ಬಿಡಿಸಲು ದೇವದುರ್ಗದ ಕಡೆಯಿಂದ ಬಂದ ಕೂಲಿಯವರು, ಎಲ್ಲಿಯವರು, ಏನು ಪುರಾವೆ ಎಂದು ತಾವು ಕೇಳುತ್ತೀರೆಂದು ಹೆದರಿ, ಠಾಣೆಯ ರಸ್ತೆ ಬಿಟ್ಟು ಜಾಲಿ ಮುಳ್ಳಿನಲ್ಲಿ ಓಡಾಡುತ್ತಿದ್ದಾರೆ. ಅವರ ಕೂಲಿಯನ್ನು ಯಾರಾದರೂ ನುಂಗಿದರೂ ಅವರು ತಮ್ಮ ಬಳಿಗೆ ಬರುವವರಲ್ಲ. ಹೀಗೆ ಈ ತಿಂಗಳು ತಮ್ಮ ಠಾಣೆಗೆ ಒಂದೇ ಒಂದು ದೂರೂ ಬಂದಿಲ್ಲ. ಅಪರಾಧ ಸೊನ್ನೆಗಿಳಿದಿದೆ ಎಂದು ಮೇಲಿನವರಿಗೆ ಬರೆದು ತಾವು ಪದಕ ಪಡೆಯಬೇಕು. ಬೂದೆಪ್ಪನ ಕುರಿ ಕದ್ದವನೂ ಅದನ್ನೇ ಹಾರೈಸುತ್ತಿದ್ದಾನೆ.

ದೇಶಕ್ಕೊಂದು ಬಾಗಿಲು ಬೇಡವೆಂದು ನಾನು ವಾದಿಸುವುದಿಲ್ಲ. ಕುರಿ ದೊಡ್ಡಿಗೇ ಬಾಗಿಲಿರುವಾಗ ದೇಶಕ್ಕೆ ಬೇಡವೇ. ಆದರೆ ಕುರುಬನಾದ ನನಗೆ ಗೊತ್ತಿರುವುದು ಇಷ್ಟು: ಬಾಗಿಲಲ್ಲಿ ನಿಂತು ಎಣಿಸುವವನು ಒಬ್ಬ, ಹಿಂಡಿನ ಸುತ್ತ ತಿರುಗುವ ನಾಯಿ ಇನ್ನೊಂದು. ನಾಯಿಯೇ ಒಳಗೆ ಹೊಕ್ಕು ಒಂದೊಂದು ಕುರಿಯನ್ನೂ ನಿಲ್ಲಿಸಿ ನೀನು ಯಾವ ದೊಡ್ಡಿಯವಳು ಎಂದು ಕೇಳತೊಡಗಿದರೆ, ಕುರಿಗಳು ನಾಯಿಗೆ ಹೆದರುತ್ತವೆ, ತೋಳ ಯಾರಿಗೂ ಹೆದರುವುದಿಲ್ಲ. ಇಲ್ಲಿ ನಾಯಿ ಎಂದದ್ದು ಗೌರವಪೂರ್ವಕವಾಗಿ. ನಮ್ಮಲ್ಲಿ ಅದಕ್ಕೆ ಮೊದಲ ಹಾಲು ಕೊಡುತ್ತೇವೆ.

ಇಷ್ಟಾಗಿಯೂ ಖಾಸಿಂ ಬೀ ಪರದೇಶದವಳೇ ಎಂದು ತಮಗೆ ಖಾತ್ರಿಯಾದರೆ, ದಯವಿಟ್ಟು ತಡಮಾಡದೆ ಆಕೆಯನ್ನು ಆಕೆ ಎಲ್ಲಿಂದ ಬಂದಳೋ ಆ ದೇಶಕ್ಕೆ ಗಡೀಪಾರು ಮಾಡಬೇಕೆಂದು ಪ್ರಾರ್ಥನೆ. ದಾರಿ ನಾನೇ ಹೇಳುತ್ತೇನೆ: ಠಾಣೆಯಿಂದ ಕಾಲುವೆ ಗುಂಟ ಒಂದು ಹರದಾರಿ, ಆಮೇಲೆ ಮಲ್ಲಟದ ಮಸೀದಿಯ ಹಿಂದೆ, ನುಗ್ಗೆ ಮರವಿರುವ ಮನೆ. ಗಡೀಪಾರಿಗೆ ಸರ್ಕಾರವೇ ವಾಹನ ಕೊಡುತ್ತದೆಂದು ಕೇಳಿದ್ದೇನೆ. ಜೀಪಿನಲ್ಲೇ ಕಳುಹಿಸಿ, ಆಕೆಯ ಮೊಣಕಾಲು ನೋಯುತ್ತದೆ. ಜೊತೆಗೆ ಕೃಷ್ಣಾ ಸೇತುವೆಯ ಮೇಲೊಂದು ವೀಸಾ ಕಚೇರಿ ತೆರೆದು, ಆಚೆ ದಡದಿಂದ ಬರುವ ಗಾಳಿಯನ್ನೂ ತಡೆದು ವಿಚಾರಿಸುವ ಏರ್ಪಾಡಾಗಲಿ. ನನ್ನ ಕುರಿಗಳಿಗೆ ಪಾಸ್‌ಪೋರ್ಟ್ ಬೇಕೆಂದರೆ ಅದಕ್ಕೂ ಸಿದ್ಧ, ಫೋಟೋ ಒಂದೇ ಸಾಕು, ಎಲ್ಲವೂ ಹಾಗೇ ಕಾಣುತ್ತವೆ.

ಇದಾವುದೂ ಆಗದಿದ್ದರೆ ಬೇಡ. ಶುಕ್ರವಾರದ ಎರಡು ಹೆಬ್ಬೆಟ್ಟು, ಶನಿವಾರದ ಎರಡು, ಒಟ್ಟು ನಾಲ್ಕನ್ನು ಮಾಫಿ ಮಾಡಿ. ಅಥವಾ ಗುರುವಾರವೇ ಮುಂಗಡವಾಗಿ ಒತ್ತಿಸಿಕೊಳ್ಳಿ. ಆಕೆ ರಾಯಚೂರಿನಿಂದ ಓಡಿಹೋದಾಳು ಎಂಬ ಭಯವಿದ್ದರೆ ಅಲ್ಲಿಯವರೆಗೆ ನನ್ನನ್ನು ಲಾಕಪ್ಪಿನಲ್ಲಿಡಿ. ಹೊತ್ತು ಹೋಗಲೆಂದು ನಾನು ತಮಗೆ ಚೀನಾದ ಗಡಿಯ ವಿಚಾರ ಹೇಳುತ್ತೇನೆ. ಇನ್ನೊಂದು ಮೂವತ್ತಮೂರು ವರ್ಷ ಕಾಯುವ ವಯಸ್ಸು ಆ ಇಬ್ಬರಿಗೂ ಇಲ್ಲ. ಈ ಮಾತಿಗೆ ನನ್ನ ಬಳಿ ಕಾಗದವಿಲ್ಲ, ಅವರ ಮುಖ ನೋಡಿದರೆ ತಿಳಿಯುತ್ತದೆ.

ತಮ್ಮ ವಿಶ್ವಾಸಿ, ತಮಗೂ ಒಂದು ದಿನ ನನ್ನ ಮೇಲೆ ವಿಶ್ವಾಸ ಹುಟ್ಟಿ ಅದು ದಾಖಲೆಯಾಗಲಿ ಎಂದು ಹಾರೈಸುವ,
ಪರಮಣ್ಣ
(ಸ್ವಂತ ರುಜು)

ತಾ.ಕ.: ಇದನ್ನು ಶನಿವಾರ ಬರೆದು, ಗೋಡೆಯ ಮೇಲಿನ ಪ್ರತಿಗೆ ಕೆಳಗೆ ಅಂಟಿಸುತ್ತಿದ್ದೇನೆ. ತಾವು ಉತ್ತರ ಕೊಡದಿದ್ದುದನ್ನು ಅಪ್ಪಣೆ ಎಂದು ತಿಳಿದು, ನಿನ್ನೆ ಮಲ್ಲಟದಲ್ಲೇ ಬಸ್ಸು ಹತ್ತಿ ಮೂವರಿಗೂ ರಾಯಚೂರಿನ ಟಿಕೆಟ್ಟು ತೆಗೆಸಿದ್ದು ನನ್ನದೇ ತಪ್ಪು. ಬಸ್ಸು ಠಾಣೆಯ ಮುಂದೆ ನಿಂತಾಗ ತಾವೇ ಹೆಬ್ಬೆಟ್ಟಿನ ಪುಸ್ತಕ ಹಿಡಿದು ಕಿಟಕಿಗೆ ಬಂದು, "ಕಾಯ್ದೆ ಅಂದ್ರ ಕಾಯ್ದೆನ, ಇಳಿ ಯವ್ವಾ" ಎಂದಿರಿ; 'ಬೇ' ಬಿಟ್ಟು 'ಯವ್ವಾ' ಎಂದದ್ದನ್ನು ಎಲ್ಲರೂ ಗಮನಿಸಿದ್ದಾರೆ. ಖಾಸಿಂ ಬೀ ಬುತ್ತಿಗಂಟನ್ನು ತಂಗಿಯ ಮಡಿಲಿಗಿಟ್ಟು ಇಳಿದಳು. ಸಂಜೆಯ ಹೆಬ್ಬೆಟ್ಟೂ ತಪ್ಪಲಿಲ್ಲವೆಂದು ಕೇಳಿ ದೇಶದ ಬಗ್ಗೆ ನನಗಿದ್ದ ಆತಂಕ ದೂರವಾಯಿತು. ಮಾನ್ವಿಯಲ್ಲಿ ಬಸ್ಸು ಕಿಕ್ಕಿರಿದು ತುಂಬಿತು. ಹುಸೇನ್ ಬೀ ಮಾತ್ರ ಪಕ್ಕದ ಸೀಟಿನ ಮೇಲೆ ಕೈಯಿಟ್ಟುಕೊಂಡು, "ಇದಕ್ಕ ಟಿಕೇಟ ಅದ, ನಮ್ಮ ಅಕ್ಕಂದು" ಎನ್ನುತ್ತ, ರಾಯಚೂರು ಬರುವವರೆಗೂ ಯಾರನ್ನೂ ಕೂರಗೊಡಲಿಲ್ಲ. ಈ ವ್ಯವಹಾರದಲ್ಲಿ ನಾನು ವಕೀಲರಿಗೂ ಸಾಹೇಬರುಗಳಿಗೂ ಮೂರು ಸಾವಿರ ಸುರಿದು ಕಳೆದುಕೊಂಡೆ ಎಂದು ಬಸ್ಸಿನಲ್ಲಿದ್ದವರಿಗೆಲ್ಲ ಹೇಳಿದ್ದೇನೆ, ತಾವೂ ಕೇಳಿರಬಹುದು. ನಾನು ನಿಜವಾಗಿ ಕಳೆದುಕೊಂಡದ್ದು ಆರು ರೂಪಾಯಿ ನಲವತ್ತು ಪೈಸೆ, ಆ ಒಂದು ಟಿಕೆಟ್ಟಿನದು.