ಜೀಪನ್ನು ಎಷ್ಟು ಇಂಚು ಎತ್ತಿಸಲಿ, ಅಂಡರ್‌ಪಾಸ್ ಅವರೇ?

ಕುಂಟೆಪಾಳ್ಯ ರೈಲ್ವೆ ಅಂಡರ್‌ಪಾಸ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಎಲೆಕ್ಟ್ರಾನಿಕ್ ಸಿಟಿಯ ಬೆನ್ನಿಗಿರುವ ಕುಂಟೆಪಾಳ್ಯದ ನಿವಾಸಿಯೂ, ಎಂಟು ಬಾಡಿಗೆ ಮನೆಗಳ ಮಾಲೀಕನೂ, ಕಳೆದ ಆಗಸ್ಟಿನಲ್ಲಿ ತಮ್ಮ ಮಡಿಲೊಳಗೆ ಜೀಪಿನ ಸಮೇತ ಎರಡು ಗಂಟೆ ಕೂತಿದ್ದವನೂ ಆದ ಶಶಿಕುಮಾರ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಈ ಪತ್ರ ತಲುಪುವ ವೇಳೆಗೆ ತಾವೂ ಒಣಗಿಕೊಂಡು ಆರಾಮಾಗಿ ಇದ್ದೀರೆಂದು ನಂಬಿದ್ದೇನೆ.

ತಾವು ಉದ್ಘಾಟನೆಯಾದ ದಿನ ತಮಗೆ ಸ್ವಾಗತ ಕೋರಿ ಹತ್ತಡಿಯ ಫ್ಲೆಕ್ಸ್ ಕಟ್ಟಿಸಿ, ಅದರಲ್ಲಿ ಕೈಮುಗಿದು ನಿಂತಿದ್ದವನು ನಾನೇ ಎಂಬುದು ತಮಗೆ ನೆನಪಿರಬಹುದು. ತಾವು ಬಂದಿದ್ದರಿಂದ ರೈಲ್ವೆ ಗೇಟಿನ ಮುಂದೆ ಐದೈದು ನಿಮಿಷ ಕಾಯುವ ಕಷ್ಟ ತಪ್ಪಿತು. ಈಗ ವರ್ಷಕ್ಕೆ ಹತ್ತು ಹನ್ನೆರಡು ಸಲ, ಅರ್ಧರ್ಧ ದಿನ ಮಾತ್ರ ಕಾಯುತ್ತೇವೆ. ತಾವು ಕುಳಿತಿರುವ ಜಾಗ ನಮ್ಮೂರ ಕುಂಟೆಯ, ಅಂದರೆ ಹಳೆಯ ಪುಟ್ಟ ಕೆರೆಯ, ಅಂಗಳವೆಂಬುದು ನಕ್ಷೆ ಬರೆದವರಿಗೆ ಮರೆತುಹೋದರೂ ನೀರಿಗೆ ಮರೆತಿಲ್ಲ, ಮೊದಲ ಮಳೆಗೇ ತವರಿಗೆ ಬಂದಂತೆ ಬಂದು ಕೂರುತ್ತದೆ. ಸುತ್ತುದಾರಿ ಇದೆಯಲ್ಲ ಎಂದು ತಾವು ಕೇಳಬಹುದು. ಇದೆ, ಹದಿನಾಲ್ಕು ಕಿಲೋಮೀಟರು. ಅದರ ನಡುವೆ ತಮ್ಮ ಸಹೋದರರೊಬ್ಬರು ತಮಗಿಂತ ಚೆನ್ನಾಗಿ ತುಂಬಿಕೊಂಡಿರುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಕಾಡುಮೇಡು ಹತ್ತುವ ಗಾಡಿ ಎಂಬ ಜಾಹೀರಾತು ನೋಡಿ ನಾನೊಂದು ಜೀಪು ಕೊಂಡೆ. ಅದು ಇಲ್ಲಿಯವರೆಗೆ ಹತ್ತಿರುವ ಬೆಟ್ಟಗಳೆಂದರೆ ನಮ್ಮ ರಸ್ತೆಯ ಹಂಪುಗಳು, ದಾಟಿರುವ ನದಿಯೆಂದರೆ ತಾವು. ಅದನ್ನೂ ಪೂರ್ತಿ ದಾಟಲಿಲ್ಲ. ಆದ್ದರಿಂದ ಸಸ್ಪೆನ್ಷನ್ ಬದಲಿಸಿ ಗಾಡಿಯ ಮೈ ಎತ್ತಿಸೋಣವೆಂದು ಬೊಮ್ಮನಹಳ್ಳಿಯ ಮೆಕ್ಯಾನಿಕ್ ಮಲ್ಲಿಕ್ ಅವರ ಬಳಿ ಹೋದೆ. ಅವರು ಕೈ ಒರೆಸಿಕೊಳ್ಳುತ್ತಾ, "ಎರಡು ಇಂಚಾ, ನಾಲ್ಕಾ, ಆರಾ? ಆಕಾಶಕ್ಕೆ ಬೇಕಾದ್ರೂ ಎತ್ಕೊಡ್ತೀನಿ ಸಾರ್, ಹತ್ತೋರಿಗೆ ಏಣಿ ಮಾತ್ರ ನೀವೇ ತರ್ಬೇಕು," ಎಂದರು. ಗಾಡಿಯನ್ನು ಹೀಗೆ ಎತ್ತಿಸಲು ಸಾರಿಗೆಯವರ ಅನುಮತಿ ಬೇಕಂತೆ. ನೀರು ಏರುವುದಕ್ಕೆ ಯಾರ ಅನುಮತಿಯೂ ಬೇಡವೆಂಬುದು ತಮ್ಮ ಪುಣ್ಯ.

ಎಷ್ಟು ಎತ್ತಬೇಕೆಂಬುದು ತಮ್ಮ ಆಳದ ಮೇಲೆ ನಿಂತಿದೆ, ತಮ್ಮ ಆಳವೋ ದೇವರಿಗೇ ಗೊತ್ತು. ಇಲಾಖೆಯವರು ತಮ್ಮ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಅಡಿಗಳ ಗುರುತು ಬರೆಸಿದ್ದಾರೆ, ನಿಜ. ಆಗಸ್ಟಿನಲ್ಲಿ ನೀರು ಒಂದು ಅಡಿಯ ಗುರುತಿನಲ್ಲಿರುವುದನ್ನು ನೋಡಿಯೇ ನಾನು ಧೈರ್ಯವಾಗಿ ಇಳಿದದ್ದು. ನಡುನೀರಿನಲ್ಲಿ ಇಂಜಿನ್ ಆರಿ, ಕಾಲ ಬುಡಕ್ಕೆ ಯಾರದೋ ಚಪ್ಪಲಿ ತೇಲಿ ಬಂದ ಮೇಲೆ ವಿಚಾರಿಸಿದರೆ, ಗುರುತು ಬರೆದ ಪೇಂಟರು ರಸ್ತೆಯಲ್ಲಿ ಕೆಸರಿತ್ತೆಂದು ಫುಟ್‌ಪಾತಿನ ಮೇಲೆ ಕೂತು, ಅಲ್ಲಿಂದಲೇ ಸೊನ್ನೆ ಶುರು ಮಾಡಿದ್ದರೆಂದು ತಿಳಿಯಿತು. ಫುಟ್‌ಪಾತು ರಸ್ತೆಗಿಂತ ಒಂಬತ್ತು ಇಂಚು ಎತ್ತರ. ಆ ಒಂಬತ್ತು ಇಂಚು ಸರ್ಕಾರದ ಲೆಕ್ಕಕ್ಕೆ ಇಲ್ಲ, ನನ್ನ ಇಂಜಿನ್ನಿನ ಹೊಟ್ಟೆಯಲ್ಲಿದೆ.

ಹಾಗಾದರೆ ಕಣ್ಣುಮುಚ್ಚಿ ಆರು ಇಂಚು ಎತ್ತಿಸಿಬಿಡು ಎನ್ನುವಿರಿ. ಅಲ್ಲೇ ಇರುವುದು ನನ್ನ ಸಂಕಟ. ನಮ್ಮ ಮೂರನೇ ಮನೆಯಲ್ಲಿ ಕೊಪ್ಪಳದ ಕಡೆಯ ಯಮನೂರ ಮತ್ತು ಅವನ ಹೆಂಡತಿ ಸವಿತಾ ಇದ್ದಾರೆ. ಅವನದು ಕಟ್ಟಡದ ಕೆಲಸ, ಆಕೆಯದು ಗಾರ್ಮೆಂಟ್ಸು. ಸವಿತಾಳಿಗೆ ಈಗ ಎಂಟು ತಿಂಗಳು ತುಂಬಿದೆ. ವೈದ್ಯರು ಅಕ್ಟೋಬರ್ ಎರಡನೇ ವಾರ ಎಂದಿದ್ದಾರೆ, ತಮಗೂ ಅದು ಹಬ್ಬದ ಕಾಲ. ಆಸ್ಪತ್ರೆ ತಮ್ಮ ಆಚೆ ದಡದಲ್ಲಿದೆ. ತಾವು ತುಂಬಿದ ದಿನ ಆಂಬುಲೆನ್ಸಿನವರು ಆ ದಡದಲ್ಲೇ ನಿಂತು ಫೋನಿನಲ್ಲಿ ಸಮಾಧಾನ ಹೇಳುತ್ತಾರೆ. ಗಾಡಿ ತಗ್ಗಾದರೆ ಆಕೆ ಹತ್ತಬಲ್ಲಳು, ಗಾಡಿ ದಾಟಲಾರದು. ಗಾಡಿ ಎತ್ತರವಾದರೆ ಅದು ದಾಟಬಲ್ಲದು, ಆಕೆ ಹತ್ತಲಾರಳು. ಮೊನ್ನೆ ಜೀಪಿನ ಬಾಗಿಲ ಬಳಿ ನಿಂತು, "ಅಣ್ಣಾರ, ಈಗಿದ್ದಿದ್ದಕ್ಕ ಹತ್ತೂದು ಕಷ್ಟ ಐತ್ರೀ, ಇನ್ನೂ ಎತ್ತಿಸ್ತೀರೇನು?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಮಾನ್ಯರೇ, ಹೇಳಿಬಿಡುತ್ತೇನೆ, ನನಗೆ ಭಯವಾಗಿದೆ.

ಕೊನೆಗೆ ಪರಿಹಾರ ಸೂಚಿಸಿದವರು ನಮ್ಮ ತಂದೆ ನರಸಪ್ಪನವರು. ಅವರು ನಮ್ಮೂರ ಕುಂಟೆಯ ಕೊನೆಯ ನೀರುಗಂಟಿ. ತೂಬು ತೆಗೆದು ಯಾರ ಗದ್ದೆಗೆ ಎಷ್ಟು ನೀರೆಂದು ಬಿಡುತ್ತಿದ್ದವರು. ತೂಬಿನ ಬಳಿ, ಈಗ ತಮ್ಮ ರಸ್ತೆ ಹಾಸಿರುವ ಮಟ್ಟದಲ್ಲೇ, ನಾಲ್ಕು ಗೆರೆ ಕೊರೆದ ಮೂರಡಿಯ ಅಳತೆಗಲ್ಲೊಂದಿತ್ತು. ಕುಂಟೆಗೆ ಮಣ್ಣು ತುಂಬುವಾಗ ಅಪ್ಪ ಅದನ್ನು ಗಾಡಿಯಲ್ಲಿ ಹೇರಿಕೊಂಡು ಮನೆಗೆ ತಂದರು. ಈಗ ಅದು ಹಿತ್ತಿಲಲ್ಲಿ ಅಡ್ಡ ಮಲಗಿದೆ, ಬಾಡಿಗೆಯವರು ಬಟ್ಟೆ ಒಗೆಯುತ್ತಾರೆ. ಯಮನೂರನೂ ನಾನೂ ಅದನ್ನು ಜೀಪಿನ ಪಕ್ಕ ಎತ್ತಿ ನಿಲ್ಲಿಸಿದೆವು. "ನೀರು ಮೂರ್ನೇ ಗೆರೆಗ್ ಬತ್ತದೆ. ನಾಕ್ನೇದ್ಕೆ ನನ್ ಆಯಸ್ಸಲ್ಲಿ ಬಂದಿಲ್ಲ. ಇಂಗೇ ಅಳ್ಕೊಳ್ಳಿ," ಎಂದರು ಅಪ್ಪ. ಮೂರನೇ ಗೆರೆ ಇಂಜಿನ್ನಿನ ಗಾಳಿಕೊಳವೆಯ ಬಾಯಿಗಿಂತ ಮೂರು ಇಂಚು ಮೇಲಿತ್ತು. ಇನ್ನೊಂದಿಂಚು ದೇವರ ಹೆಸರಿನಲ್ಲಿ ಸೇರಿಸಿ, ಮಲ್ಲಿಕ್ ಅವರಿಗೆ ನಾಲ್ಕು ಎಂದು ಹೇಳಿ ಬಂದಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆ ಇಷ್ಟೇ. ಮೂರನೇ ಗೆರೆಯನ್ನು ದಾಟುವುದಿಲ್ಲವೆಂದು ಇಪ್ಪತ್ತು ರೂಪಾಯಿಯ ಛಾಪಾ ಕಾಗದದಲ್ಲಿ ಬರೆದುಕೊಡಬೇಕು. ಅದು ಆಗದಿದ್ದರೆ ಅಕ್ಟೋಬರ್ ಎರಡನೇ ವಾರ ರಜೆ ಹಾಕಬೇಕು. ರಜೆಯೂ ಸಿಗದಿದ್ದರೆ, ಪಕ್ಕದ ಟೆಕ್ ಪಾರ್ಕಿನವರು ಕಾರಂಜಿಗೆ ಟ್ಯಾಂಕರ್ ನೀರು ತರಿಸುತ್ತಿದ್ದಾರೆ, ಆ ಒಂದು ವಾರ ತಾವು ಅಲ್ಲಿಗೆ ನಿಯೋಜನೆಯ ಮೇಲೆ ಹೋಗಿಬರಬಹುದು. ಅಲ್ಲಿ ಬಣ್ಣದ ದೀಪ, ಸಂಗೀತ ಎಲ್ಲ ಉಂಟು. ತಮ್ಮಂಥವರಿಗೆ ಅದೇ ಸರಿಯಾದ ಜಾಗ.

ತಮ್ಮ ನೀರಿಳಿಯುವುದನ್ನೇ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಶಶಿಕುಮಾರ್,
ನೀರುಗಂಟಿ ನರಸಪ್ಪನವರ ಮಗ

ತಾ.ಕ.: ಪತ್ರ ಅಂಚೆಗೆ ಬೀಳುವ ಮೊದಲೇ ಮಳೆ ಬಿತ್ತು. ವೈದ್ಯರು ಹೇಳಿದ್ದಕ್ಕಿಂತ ಒಂಬತ್ತು ದಿನ ಮುಂಚೆ, ಮಧ್ಯಾಹ್ನ ಮೂರಕ್ಕೆ, ಮಳೆಯ ಜೊತೆಗೇ ಸವಿತಾಳಿಗೆ ನೋವೂ ಬಂತು. ನಾಲ್ಕು ಇಂಚು ಎತ್ತಿದ ಜೀಪಿಗೆ ಆಕೆ ಎರಡು ಸಲ ಕಾಲೆತ್ತಿದಳು, ಎಟುಕಲಿಲ್ಲ. ಯಮನೂರ ಎತ್ತಿ ಹತ್ತಿಸಲು ಹೋದರೆ ಚೀರಿದಳು. ಆಗ ಅಪ್ಪ, "ಆ ಕಲ್ಲ್ನ ಉಳ್ಳಿಸ್ಕೊಂಡ್ ಬನ್ರೋ!" ಎಂದು ಕೂಗಿದರು. ಬಟ್ಟೆ ಒಗೆಯುವ ಕಲ್ಲು ಜೀಪಿನ ಬಾಗಿಲಿಗೆ ಮೆಟ್ಟಿಲಾಯಿತು, ಸವಿತಾ ಅದರ ಮೇಲೆ ಕಾಲಿಟ್ಟು ಹತ್ತಿದಳು. ಜೀಪಿನ ಮೈಮೇಲೆ ಉಳಿದ ಕೆಸರಿನ ಗುರುತಿಗೆ ಆಮೇಲೆ ಕಲ್ಲು ಹಿಡಿದು ನೋಡಿದರೆ, ತಾವು ಅಂದು ಮೂರನೇ ಗೆರೆಯವರೆಗೆ ಬಂದಿದ್ದಿರಿ, ಒಂದು ಬೆರಳೂ ಹೆಚ್ಚಿಲ್ಲ. ಜೀಪು ನಿಲ್ಲಲಿಲ್ಲ. ಹೆಣ್ಣುಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಇದಕ್ಕೆ ಮಾತ್ರ ವ್ಯಂಗ್ಯವಿಲ್ಲದ ಕೃತಜ್ಞತೆಗಳು.

ಮರುವಾರ ಇಲಾಖೆಯವರು ಗೋಡೆಯ ಅಳತೆ ತಪ್ಪಿದೆಯೆಂದು ಒಪ್ಪಿಕೊಂಡು, ಹೊಸದಾಗಿ ಬರೆಯಲು ಅದೇ ಪೇಂಟರನ್ನು ಕಳಿಸಿದರು. ಅವರು ಮತ್ತೆ ಫುಟ್‌ಪಾತು ಹತ್ತದಿರಲೆಂದು ಅಪ್ಪ ನಮ್ಮ ಕಲ್ಲನ್ನೇ ಜೀಪಿನಲ್ಲಿ ತರಿಸಿ ರಸ್ತೆಯ ಮೇಲೆ ಮಲಗಿಸಿ, "ಇದ್ರ್ ಮೇಲ್ ಕುಂತ್ಕೊಂಡು ಬುಡದಿಂದ ಬರಿಯಪ್ಪಾ," ಎಂದು ಹೇಳಿ ಚಹಾ ಕುಡಿಯಲು ಹೋದರು. ಪೇಂಟರು ಕಲ್ಲಿನ ಮೇಲೆ ಆರಾಮಾಗಿ ಕೂತು, ಕಲ್ಲಿನ ಮಟ್ಟದಿಂದ ಸೊನ್ನೆ ಶುರು ಮಾಡಿದ್ದಾರೆ.