ಪರೀಕ್ಷೆ ಪಾಸಾದ ಬಿಳಿಕೋಲು

ನನ್ನ ಸೋದರಮಾವ ಒಂದು ಬಿಳಿಕೋಲಿಗೆ ಮಾಡುವಷ್ಟು ವಿಚಾರಣೆಯನ್ನು ಪೊಲೀಸರು ಕಳ್ಳನಿಗೂ ಮಾಡಲಾರರು! ಕಣ್ಣು ಕಾಣದ ಮಾವ ನಮ್ಮ ಗಡಿನಾಡಿನ ವಿದ್ಯಾನಗರದ ಬಸ್ ಸ್ಟಾಪಿನಲ್ಲಿ ಲಾಟರಿ ಟಿಕೆಟ್ ಮಾರುತ್ತಾರೆ. ಊರಿಗೆಲ್ಲ ಅದೃಷ್ಟ ಹಂಚುವ ಈ ಮನುಷ್ಯನಿಗೆ ಅದೃಷ್ಟದ ಮೇಲೆ ಕಿಂಚಿತ್ತೂ ನಂಬಿಕೆಯಿಲ್ಲ.

ತಪ್ಪು ಅವರದ್ದಲ್ಲ, ಬಿಡಿ. ಹಿಂದೊಮ್ಮೆ ಯಾರೋ ದಾನಿಗಳು ಕೊಟ್ಟ ಮಡಚುವ ಕೋಲು ನಡುರಸ್ತೆಯಲ್ಲಿ ಕೈಕೊಟ್ಟಿತ್ತು. ಒಳಗಿನ ರಬ್ಬರ್ ದಾರ ತುಂಡಾಗಿ ಕೋಲಿನ ತುಂಡುಗಳೆಲ್ಲ ದಿಕ್ಕಾಪಾಲು. ಹಿಡಿ ಮಾತ್ರ ಕೈಯಲ್ಲಿ, ಎರಡೂ ಕಡೆ ಲಾರಿಗಳ ಹಾರ್ನ್! ಯಾರೋ ಪುಣ್ಯಾತ್ಮ ತೋಳು ಹಿಡಿದು ದಾಟಿಸಿದ. ಅಂದಿನಿಂದ ಮಾವನ ಕೈಯಲ್ಲಿ ಮಡಚದ ಉದ್ದನೆಯ ಕೋಲು. ಬಸ್ಸಿನಲ್ಲಿ ಅದು ಎಲ್ಲರ ಕಾಲಿಗೂ ತಾಗುತ್ತದೆ.

ಅಂಥವರು ಈ ವರ್ಷ ಇದ್ದಕ್ಕಿದ್ದಂತೆ ಮಡಚುವ ಕೋಲನ್ನೇ ಹುಡುಕತೊಡಗಿದರು. ನನಗೆ ಗುಮಾನಿ ಬಾರದಿರುತ್ತದೆಯೇ? ಬಿಳಿಕೋಲು ಹಂಚುವ ಒಂದು ಶಿಬಿರಕ್ಕೆ ನಾನೇ ಕರೆದುಕೊಂಡು ಹೋದೆ. ಕೋಲು ಕೊಡುವ ಹುಡುಗಿಯನ್ನು ಮಾವ ಪ್ರಶ್ನೆ ಕೇಳಿ ಹಿಡಿದು ನಿಲ್ಲಿಸಿದರು.

"ಇದರ ರಬ್ಬರ್ ಎಷ್ಟು ಹಳತು?"

"ಹೊಸತೇ ಅಂಕಲ್, ಪ್ಯಾಕೆಟಿನಲ್ಲಿ ಬರೆದುಂಟಲ್ಲ."

"ನನಗೆ ಓದ್ಲಿಕ್ಕೆ ಆಗುದಿಲ್ಲ ಅಂತ ಗೊತ್ತಿದ್ದೇ ಬರೆದದ್ದು."

ಮನೆಗೆ ಬಂದ ಕೋಲಿಗೆ ಶುರುವಾಯಿತು ನೋಡಿ ಅಗ್ನಿಪರೀಕ್ಷೆ! ಒಂದು ದಿನ ಬಕೆಟಿನ ನೀರಿನಲ್ಲಿ. ಮರುದಿನ ಚರಂಡಿಯ ಚಪ್ಪಡಿಗಳ ಸಂದಿಯಲ್ಲಿ ತುದಿ ಸಿಕ್ಕಿಸಿ ತಿರುಚುವುದು. ಆಮೇಲೆ ದಿನಕ್ಕೆ ನೂರು ಸಲ ಮಡಚಿ ಬಿಡಿಸುವುದು. ಅದೂ, ಬದಲಿಗೆ ತಂದ ಇನ್ನೊಂದೂ ಒಂದೇ ವಾರದಲ್ಲಿ ಪ್ರಾಣ ಬಿಟ್ಟವು.

ಅತ್ತೆಗೆ ಸಾಕಾಗಿಹೋಯಿತು. "ನನ್ನನ್ನು ನೋಡ್ಲಿಕ್ಕೆ ಬಂದಾಗ ಇಷ್ಟು ಪರೀಕ್ಷೆ ಮಾಡ್ಲಿಲ್ಲ ಇವರು."

"ಆಗ ಕಣ್ಣು ಕಾಣ್ತಾ ಇತ್ತು. ಹಾಗೆ ಮೋಸ ಹೋದೆ," ಎಂದರು ಮಾವ.

ನಾನು ನಕ್ಕೆ. ಆದರೆ ನನ್ನ ನಗುವಿನ ಹಿಂದೆ ಒಂದು ಹೆದರಿಕೆಯಿತ್ತು. ಮಾವನ ಕಣ್ಣು ಹೋದದ್ದು ವಂಶದ ಕಾಯಿಲೆಯಿಂದ. ಮೊದಲು ಸಂಜೆ ಮಸುಕಾಗುತ್ತದೆ, ಆಮೇಲೆ ಹಗಲೂ. ಒಂದು ವರ್ಷದಿಂದ ಮುಸ್ಸಂಜೆಯಲ್ಲಿ ನನಗೂ ಮೆಟ್ಟಿಲು ಕಾಣುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ.

ಮೂರನೆಯ ಕೋಲು ತಿಂಗಳಿಡೀ ಬದುಕಿ ಉಳಿಯಿತು! ಭಾನುವಾರ ಬೆಳಿಗ್ಗೆ ಮಾವ ಜಗಲಿಯಲ್ಲಿ ನಿಂತು ಘೋಷಿಸಿದರು: "ಪಾಸ್."

ನೋಡಿದರೆ ಕೋಲು ಅವರ ಹೊಟ್ಟೆಯಿಂದ ಮೇಲೆ ಬರುತ್ತಿಲ್ಲ. ಬಿಳಿಕೋಲು ಎದೆಮೂಳೆಯವರೆಗೆ ಬರಬೇಕೆಂದು ನನಗೆ ಪಾಠ ಮಾಡಿದವರೇ ಅವರು.

"ಇದೆಂತ ಮಾವ, ನಿಮಗೆ ಇದು ಗಿಡ್ಡ ಅಲ್ವಾ? ಇಷ್ಟೆಲ್ಲ ಪರೀಕ್ಷೆ ಮಾಡಿ ಅಳತೆ ನೋಡುದು ಬಿಟ್ರಾ?"

"ಅಳತೆ ಸರಿ ಉಂಟು. ಇಲ್ಲಿ ಬಾ."

ಹತ್ತಿರ ಹೋದೆ. ಕೋಲನ್ನು ನನ್ನ ಮುಂದೆ ನಿಲ್ಲಿಸಿದರು. ಅದರ ಹಿಡಿ ಸರಿಯಾಗಿ ನನ್ನ ಎದೆಮೂಳೆಗೆ ತಾಗಿತು.

"ಸಂಜೆ ಮೆಟ್ಟಿಲು ಇಳಿಯುವಾಗ ನೀನು ಕಾಲಿನಲ್ಲಿ ಎರಡೆರಡು ಸಲ ತಡಕುದು ನನಗೆ ಕೇಳ್ತದೆ," ಎಂದು ಮೆಲ್ಲಗೆ ಹೇಳಿದರು. "ನಾನೂ ಹಾಗೇ ಇಳೀತಿದ್ದೆ. ಮಡಚಿದ್ರೆ ಆಫೀಸಿನ ಬ್ಯಾಗಿನಲ್ಲಿ ಹಿಡೀತದೆ. ಬೇಕಾದಾಗ ತೆಗೆ. ಅತ್ತೆಗೆ ನಾನು ಹೇಳುದಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಕೋಲು ತೆಗೆದುಕೊಂಡು, ಅದರ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿದೆ.

"ಹಾಂ, ಹಾಗೆ," ಎಂದರು ಮಾವ. "ನಾನು ಹೇಳಿದೆ ಅಂತ ನಂಬಬೇಡ."