ಮೀನಖಂಡಕ್ಕೊಂದು ಗೋಡೆ

ಭಾನುವಾರದ ದಾನ್ಸೋನ್ ನೃತ್ಯ ಸ್ಪರ್ಧೆಯ ಬೆಳ್ಳಿ ಬಟ್ಟಲು ನಮ್ಮ ಮನೆಯ ಬೀರುವಿನಲ್ಲೇ ಕೂರಬೇಕು! ಅದಕ್ಕೂ ಮೊದಲು ನನ್ನ ಎಡಗಾಲಿನ ಮೀನಖಂಡ ನನ್ನೆದುರು ಮಂಡಿಯೂರಬೇಕು! ಹೀಗೆಂದು ವೆರಾಕ್ರೂಸ್ ಬಂದರಿನ ನಿವೃತ್ತ ಕ್ರೇನ್ ಚಾಲಕ, ಹಡಗುಗಳನ್ನು ಬೆಕ್ಕಿನ ಮರಿಗಳ ಹಾಗೆ ಕುತ್ತಿಗೆ ಹಿಡಿದು ಎತ್ತಿದ ನಿಕಾನೋರ್ ಎಂಬ ನಾನು, ಸೋಮವಾರ ಬೆಳಿಗ್ಗೆ ಕಾಫಿ ಲೋಟಕ್ಕೆ ಚಮಚ ಬಡಿದು ಘೋಷಿಸಿದೆ. (ಎತ್ತಿದ್ದು ಹಡಗಿನೊಳಗಿನ ಸರಕನ್ನು. ಆದರೆ ಮಾತಿಗೂ ಒಂದಿಷ್ಟು ತೂಕ ಬೇಡವೇ?)

ಘೋಷಣೆಗೆ ಕಾರಣವಿತ್ತು. ಸಂಜೆಯೆಲ್ಲ ಇಪ್ಪತ್ತರ ಹುಡುಗನ ಹಾಗೆ ಕುಣಿಯುವ ಈ ಕಾಲು, ಹಾಸಿಗೆ ಸೇರಿದ ಮೇಲೆ ವೈರಿಯಾಗುತ್ತಿತ್ತು. ಮೀನಖಂಡ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ಅನುಭವಸ್ಥ! ನಿದ್ದೆ ಹತ್ತಿದ್ದೇ ತಡ, ಆ ಮೀನು ಗಾಳ ನುಂಗಿದಂತೆ ಚಿಮ್ಮುತ್ತಿತ್ತು, ಗಂಟುಕಟ್ಟಿ ಕಲ್ಲಾಗುತ್ತಿತ್ತು. ನಾನು ಕಾಲು ಝಾಡಿಸುತ್ತಿದ್ದೆ. ಝಾಡಿಸಿದ ಕಾಲು ತಲುಪುವ ಮೊದಲ ಬಂದರೇ ನನ್ನ ಹೆಂಡತಿ ಎರ್ಮೆಲಿಂದಾ.

“ಇಷ್ಟು ವರ್ಷ ಸಂಸಾರ ಮಾಡಿ ಈಗ ಒದೆಯೋಕೆ ಶುರು ಮಾಡಿದ್ಯಾ, ಮುದುಕಾ?”

“ನಾನಲ್ಲ ಕಣೇ, ಕಾಲು!”

“ಆ ಕಾಲೇನು ಪಕ್ಕದ ಮನೆಯವರದಾ? ಕೇಳಿಸ್ಕೋ. ಇನ್ನೊಂದೇ ಒಂದು ಒದೆ ಬೀಳ್ಲಿ, ಭಾನುವಾರ ನಾನು ಒನೆಸಿಮೊ ಜೊತೆ ಕುಣೀತೀನಿ!”

ಒನೆಸಿಮೊ! ಸುಂಕದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ವಿಧುರ. ಅವನ ತಲೆಗೂದಲಿನ ಎಣ್ಣೆಗೆ ನೊಣ ಜಾರಿಬಿದ್ದು ಸೊಂಟ ಮುರಿದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಲಿನಂಥ ಬಿಳಿ ಬೂಟು ತೊಟ್ಟು ಬಂದು, ಪ್ರತಿ ಭಾನುವಾರ ನನ್ನ ಹೆಂಡತಿಯನ್ನು ವಿಚಾರಿಸುತ್ತಾನೆ, “ಯಜಮಾನರ ಆರೋಗ್ಯ ಹೇಗಿದೆ, ದೊನ್ಯಾ ಎರ್ಮೆಲಿಂದಾ?” ಕೇಳುವಾಗ ಅವನ ಕಣ್ಣಲ್ಲಿ ಅದೆಂಥ ಆಸೆ! ನನ್ನ ಕಾಲಿನ ಸುದ್ದಿ ಇವನ ಕಿವಿಗೆ ಬಿದ್ದರೆ ನಾಳೆಯೇ ಹೂಗುಚ್ಛ ಕಳಿಸುತ್ತಾನೆ, ಅದೂ ಶವಪೆಟ್ಟಿಗೆಯ ಅಳತೆಯದು! ಆದ್ದರಿಂದ ಚಿಕಿತ್ಸೆ ಪರಮ ರಹಸ್ಯವಾಗಿ ನಡೆಯಬೇಕಿತ್ತು.

ಹಾಸಿಗೆ ಬಟ್ಟೆಯ ಕೆಳಗೆ ಸೋಪಿನ ಬಿಲ್ಲೆ ಇಟ್ಟು ಮಲಗಿದರೆ ಸೆಳೆತ ಹತ್ತಿರ ಸುಳಿಯದೆಂದು ನಮ್ಮ ಅಜ್ಜಿಯರ ನಂಬಿಕೆ. ಇಟ್ಟೆ. ನಮ್ಮ ಸೆಖೆಗೆ ಅದು ಬೆವರಿನಲ್ಲಿ ಕರಗಿ, ಬೆಳಗಾಗುವುದರಲ್ಲಿ ನಾನು ನೊರೆಯ ನಡುವೆ ಹೊಸದಾಗಿ ತೊಳೆದ ಎಮ್ಮೆಯಂತೆ ಎದ್ದೆ. ಕೊನೆಗೆ ಹೆಂಡತಿಯ ಸೋದರ ಸೊಸೆ ಅನಾಯಿಯನ್ನು ಕರೆಸಿದೆವು. ಬೇಸ್‌ಬಾಲ್ ತಂಡದ ದಾಂಡಿಗರ ಕಾಲುಗಳನ್ನು ಹಿಟ್ಟು ನಾದಿದ ಹಾಗೆ ನಾದಿ ರಿಪೇರಿ ಮಾಡುವುದು ಅವಳ ಉದ್ಯೋಗ.

“ಮಾವ, ನೀವು ಸಂಜೆಯೆಲ್ಲ ಕುಣಿದು ಹಂಗೇ ಹಾಸಿಗೆಗೆ ಬೀಳ್ತೀರಾ. ನೀರು ಮುಟ್ಟಲ್ಲ. ಬಿಗಿದ ಸ್ನಾಯು ಬಿಗಿದಂಗೇ ಮಲಗತ್ತೆ, ಆಮೇಲೆ ನಿಮ್ಮನ್ನ ಎಬ್ಬಿಸತ್ತೆ. ದಿನಾ ಸಂಜೆ ಗೋಡೆಗೆ ಎರಡೂ ಕೈ ಕೊಟ್ಟು, ಒಂದು ಕಾಲು ಹಿಂದಿಟ್ಟು, ಮಂಡಿ ನೆಟ್ಟಗಿಟ್ಟು, ಗೋಡೆ ತಳ್ಳೋ ಥರ ಮುಂದಕ್ಕೆ ವಾಲಿ. ಹಿಂದಿನ ಹಿಮ್ಮಡಿ ಮಾತ್ರ ನೆಲ ಬಿಡಬಾರ್ದು.”

“ಇಷ್ಟೇನಾ? ಔಷಧಿ ಗಿವ್ಷಧಿ?”

“ನೀರು ಕುಡೀರಿ. ಮತ್ತೆ ಹಿಮ್ಮಡಿ!”

ನಮ್ಮದು ಹಲಗೆಯ ಮನೆ. ಮೊದಲ ಸಲ ವಾಲಿದ್ದಕ್ಕೇ ಗೋಡೆ ನರಳಿ, ಮೊಳೆಗೆ ತೂಗುಹಾಕಿದ್ದ ಮಾವನವರ ಫೋಟೋ ನನ್ನ ತಲೆಯ ಮೇಲೆ ಬಿತ್ತು. ಬದುಕಿದ್ದಾಗ ಉಳಿಸಿಕೊಂಡಿದ್ದ ಏಟು! ಹಾಗಾಗಿ ವಠಾರದ ಹಿತ್ತಲಿನ ಹವಳಕಲ್ಲಿನ ಗೋಡೆಯನ್ನೇ ಹಿಡಿದೆ. ಕಡಲ್ಗಳ್ಳರ ತೋಪಿಗೂ ಜಗ್ಗದೆ ನಿಂತ ಗೋಡೆಯದು. ಅಂದರೆ, ಕಡಲ್ಗಳ್ಳರು ಬಂದಿದ್ದರೆ ಜಗ್ಗುತ್ತಿರಲಿಲ್ಲ.

ಫಲ ಕಂಡಿತು! ಆ ರಾತ್ರಿ ಮೀನು ಮಿಸುಕಲಿಲ್ಲ. ಮರುಸಂಜೆ ನಾನು ಹುಮ್ಮಸ್ಸಿನಿಂದ ಗೋಡೆಗೆ ಎದೆಗೊಟ್ಟು ನಿಂತಿದ್ದಾಗ, ಒಗೆದ ಬಟ್ಟೆಯ ಬುಟ್ಟಿ ಹೊತ್ತು ದೊನ್ಯಾ ಪ್ರೂದೆನ್ಸಿಯಾ ಬಂದಳು. ಈಕೆ ನಮ್ಮ ನೆರೆಯವಳು. ಸಾಲದ್ದಕ್ಕೆ ಒನೆಸಿಮೊನ ಅತ್ತಿಗೆ. ಇವಳ ಕಿವಿಗೆ ಬಿದ್ದದ್ದು ಅವನ ಕಿವಿ ಮುಟ್ಟಲು ಟ್ರಾಮು ಬೇಕಿಲ್ಲ, ಗಾಳಿ ಸಾಕು.

“ಅಯ್ಯೋ, ದೊನ್ ನಿಕಾನೋರ್! ಗೋಡೆ ಯಾಕೆ ತಳ್ತಿದೀರಾ?”

“ತಳ್ತಾ ಇಲ್ಲ. ಹಿಡ್ಕೊಂಡಿದೀನಿ,” ಎಂದುಬಿಟ್ಟೆ.

“ಹಿಡ್ಕೊಂಡಿದೀರಾ? ಬೀಳತ್ತಾ?”

ಇಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ “ಹಾಗಾದ್ರೆ ಯಾಕೆ ಹಿಡ್ಕೊಂಡಿದೀರಾ?” ಎಂಬ ಮುಂದಿನ ಪ್ರಶ್ನೆ ಆಗಲೇ ಅವಳ ತುಟಿಯ ತುದಿಯಲ್ಲಿ ನಿಂತಿತ್ತು. “ನೋಡಿ, ಉತ್ತರದ ಬಿರುಗಾಳಿ ಬರತ್ತೆ ಅಂತ ರೇಡಿಯೋದಲ್ಲಿ ಹೇಳಿದಾರೆ. ಕ್ರೇನ್ ನಡೆಸಿದ ಕೈ ನನ್ನದು. ಯಾವ ಭಾರ ಯಾವ ಕಡೆ ವಾಲತ್ತೆ ಅಂತ ಈ ಕೈಗೆ ಗೊತ್ತಾಗತ್ತೆ. ಜಾಸ್ತಿ ಹೇಳಲ್ಲ. ಜನ ಹೆದರಬಾರ್ದು.”

ಬುಟ್ಟಿ ಕೆಳಗೆ ಬಿತ್ತು. ಜನ ಹೆದರಿದರು!

ಮರುದಿನ ಹಿತ್ತಲಿಗೆ ಹೋದರೆ ಇಡೀ ವಠಾರ ಗೋಡೆಗೆ ಒರಗಿತ್ತು. ಮೀನು ಮಾರುವವರು, ಬಡಗಿಗಳು, ಬಸುರಿಯರು, ತೊಂಬತ್ತು ದಾಟಿದ ಅಜ್ಜಿಯರು! ಒಬ್ಬ ತನ್ನ ಟ್ಯಾಕ್ಸಿಯನ್ನೇ ತಂದು ಗೋಡೆಗೆ ಮೂತಿ ಕೊಟ್ಟು ನಿಲ್ಲಿಸಿದ್ದ. ನನ್ನನ್ನು ಕಂಡದ್ದೇ, “ಬಂದ್ರು, ಬಂದ್ರು!” ಎಂದು ದಾರಿ ಬಿಟ್ಟರು. ಒಂದೇ ರಾತ್ರಿಯಲ್ಲಿ ನನಗೆ ಎಂಜಿನಿಯರ್ ಪದವಿ ದಯಪಾಲಿಸಿದ್ದರು! ನಾನೂ ಸೊಂಟಕ್ಕೆ ಕೈಯಿಟ್ಟು, ಬೆರಳೆತ್ತಿ, ನನಗೆ ಗೊತ್ತಿದ್ದ ಒಂದೇ ಒಂದು ಶಾಸ್ತ್ರವನ್ನು ಗುಡುಗಿದೆ: “ಮಂಡಿ ನೆಟ್ಟಗೆ! ಹಿಂದಿನ ಹಿಮ್ಮಡಿ ನೆಲಕ್ಕೆ! ಕಾಲು ಬದಲಾಯಿಸಿ!”

ಎರ್ಮೆಲಿಂದಾ ನನ್ನ ತೋಳು ಜಿಗುಟಿದಳು. “ಅದೇನು ಅಂತ ನನಗೆ ಗೊತ್ತಿಲ್ವಾ? ನಾಟಕ ಸಾಕು, ನೀನೂ ತಳ್ಳು. ಭಾನುವಾರ ಹತ್ರ ಬಂತು.”

“ಸೇನಾಪತಿ ಆದವನು ಭರ್ಜಿ ಹಿಡಿದು ಓಡ್ತಾನೇನೇ?”

ಶುಕ್ರವಾರ ಉತ್ತರದ ಗಾಳಿ ಬಂತು. ತಗಡು ಹಾರಿದವು, ತೆಂಗಿನ ಮರಗಳು ತಲೆಕೆದರಿ ಕುಣಿದವು, ಪಾದ್ರಿಗಳ ಟೋಪಿ ಕ್ಯೂಬಾಕ್ಕೆ ವಲಸೆ ಹೋಯಿತು. ಗೋಡೆ ಅಲ್ಲಾಡಲಿಲ್ಲ. ಅದರ ಅಪ್ಪನಾಣೆ, ಅದಕ್ಕೆ ಅಲ್ಲಾಡುವ ಯೋಚನೆಯೇ ಇರಲಿಲ್ಲ! ಆದರೂ ಜನ ನನ್ನ ಕೈಗೆ ಮುತ್ತಿಟ್ಟರು. ಪ್ರೂದೆನ್ಸಿಯಾ ಕಣ್ಣೊರೆಸಿಕೊಂಡು, “ಇನ್ನೊಂದು ಪವಾಡ ಕೇಳಿ! ದಿನಾ ರಾತ್ರಿ ನನ್ನ ಕಾಲು ಹಿಡ್ಕೊಳ್ತಿತ್ತು, ಈ ಗೋಡೆ ಹಿಡಿದಾಗಿಂದ ಮಗು ಹಂಗೆ ಮಲಗ್ತಿದೀನಿ!” ಎಂದಳು. ಹೌದೌದು, ನಮಗೂ ಹಾಗೇ ಎಂದು ನಾಲ್ಕಾರು ಮುದುಕರು ತಲೆದೂಗಿದರು. ಹೀಗೆ ಇಡೀ ವಠಾರದ ಸೆಳೆತ ವಾಸಿಯಾಯಿತು, ಬೆರಳೆತ್ತಿ ನಿಂತಿದ್ದ ಒಬ್ಬನನ್ನು ಬಿಟ್ಟು.

ಭಾನುವಾರ ಬಂತು. ರಾತ್ರಿಗಳು ಹೇಗೋ ಒದೆಯಿಲ್ಲದೆ ಕಳೆದಿದ್ದರಿಂದ ಎರ್ಮೆಲಿಂದಾ ನನ್ನ ತೋಳು ಹಿಡಿದೇ ಉದ್ಯಾನಕ್ಕೆ ಬಂದಳು. ವಾದ್ಯಮಂಟಪದ ಸುತ್ತ ನಮ್ಮ ವಠಾರವೆಲ್ಲ ನೆರೆದಿತ್ತು. ಒನೆಸಿಮೊ ತನ್ನ ಅತ್ತಿಗೆಯನ್ನೇ ಜೋಡಿ ಮಾಡಿಕೊಂಡು ಬಿಳಿ ಬೂಟು ಮಿನುಗಿಸುತ್ತಿದ್ದ.

ದಾನ್ಸೋನಿನಲ್ಲಿ ಕುಣಿಯುವುದು ಯಾರಿಗಾದರೂ ಬಂದೀತು. ಬರಬೇಕಾದ್ದು ನಿಲ್ಲುವುದು! ಪಲ್ಲವಿ ಬಂದಾಗಲೆಲ್ಲ ಜೋಡಿಗಳು ಥಟ್ಟನೆ ನಿಂತು, ವಾದ್ಯದವರ ಕಡೆ ಮುಖಮಾಡಿ, ಬೀಸಣಿಗೆ ಬೀಸಿಕೊಳ್ಳುತ್ತ ವಿಗ್ರಹಗಳಂತಿರಬೇಕು. ಪಲ್ಲವಿ ಮುಗಿದ ಗಳಿಗೆಗೆ ಸರಿಯಾಗಿ ಹೆಜ್ಜೆ ಎತ್ತಬೇಕು. ಮಿಸುಕಿದವರು ಸೋತಂತೆ. ನಾವು ನಿಂತೆವು. ಆಹಾ, ಏನು ನಿಲುವು! ತೀರ್ಪುಗಾರರು ತಲೆದೂಗಿದರು. ಅಷ್ಟರಲ್ಲಿ ಮೀನು ಗಾಳ ನುಂಗಿತು.

ಹಾಡುಹಗಲು! ಕಣ್ಣಿಗೆ ನಕ್ಷತ್ರಗಳು ಕಂಡವು. ಕುಂಟಿ ಹಾರಿ ವಾದ್ಯಮಂಟಪದ ಕಂಬಕ್ಕೆ ಎರಡೂ ಕೈ ಕೊಟ್ಟು, ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೊತ್ತಿ, ಹಲ್ಲು ಕಚ್ಚಿ ವಾಲಿದೆ.

ಪ್ರೂದೆನ್ಸಿಯಾಳ ಕಿರುಚು ಹಡಗಿನ ಸೈರನ್ನಿನಂತೆ ಎದ್ದಿತು. “ದೊನ್ ನಿಕಾನೋರ್ ಹಿಡ್ಕೊಂಡಿದಾರೆ! ಮಂಟಪ ಬೀಳತ್ತೆ, ಓಡ್ರೋ!”

ಅಷ್ಟೇ! ಕ್ಲಾರಿನೆಟ್ಟಿನವರು ಕಟಕಟೆ ಹಾರಿದರು. ನಗಾರಿ ಮೆಟ್ಟಿಲಿಳಿದು ಬೀದಿಗುಂಟ ಉರುಳಿತು. ತೀರ್ಪುಗಾರರು ಮೇಜಿನಡಿ ಸೇರಿದರು. ವಠಾರದ ಅರ್ಧ ಜನ ಓಡಿದರೆ ಇನ್ನರ್ಧ ಮಿಕ್ಕ ಕಂಬಗಳನ್ನು ಅಪ್ಪಿಕೊಂಡು, “ಹಿಮ್ಮಡಿ ನೆಲಕ್ಕೆ!” ಎಂದು ಕೂಗುತ್ತಿತ್ತು. ಎಲ್ಲರಿಗಿಂತ ಮೊದಲು ಓಡಿದ್ದು ಒನೆಸಿಮೊ. ಗುರುತಿಗೆ ಒಂದು ಬಿಳಿ ಬೂಟು ಬಿಟ್ಟು ಹೋಗಿದ್ದ. ನೃತ್ಯದ ಕಟ್ಟೆಯ ನಟ್ಟನಡುವೆ ಎರ್ಮೆಲಿಂದಾ ಮಾತ್ರ ಪಲ್ಲವಿಯ ನಿಲುವಿನಲ್ಲೇ ನಿಂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು.

ಮಂಟಪ ಬೀಳಲಿಲ್ಲ. “ದೊನ್ ನಿಕಾನೋರ್ ಉಳಿಸಿದ್ರು!” ಎಂದು ಜೈಕಾರವೆದ್ದಿತು. ಮೇಜಿನಡಿಯಿಂದ ಹೊರಬಂದ ಮುಖ್ಯ ತೀರ್ಪುಗಾರರು ಧೂಳು ಕೊಡವಿಕೊಂಡು, “ಎಲ್ಲರೂ ಓಡಿದ್ರು, ಈ ವೀರರು ಓಡಲಿಲ್ಲ!” ಎಂದು ಬೆಳ್ಳಿ ಬಟ್ಟಲನ್ನು ನನ್ನತ್ತ ಚಾಚಿದರು. ನಾನು ಗಂಟಲು ಸರಿಮಾಡಿಕೊಂಡೆ. “ಮಹನೀಯರೇ, ನನ್ನ ಜಾಗದಲ್ಲಿ ಯಾರಿದ್ದರೂ ಇದನ್ನೇ...”

ಬೀಸಣಿಗೆ ಪಟ್ಟನೆ ಮುಚ್ಚಿತು.

“ಓಡಲಿಲ್ಲ ಅಲ್ಲ ಸ್ವಾಮಿ, ಓಡಕ್ಕೆ ಕಾಲು ಬರ್ಲಿಲ್ಲ! ಮೀನಖಂಡ ಹಿಡ್ಕೊಂಡಿದೆ. ಗೋಡೆ ಹತ್ರ ನಡೆದಿದ್ದೂ ಇದರದ್ದೇ ಚಿಕಿತ್ಸೆ!”

ಆ ನಗು ಕಡಲಾಚೆಗೂ ಕೇಳಿಸಿರಬೇಕು. ಬಟ್ಟಲು ನನ್ನ ಮೂಗಿನ ಮುಂದಿಂದ ಹಾದು, ಮಿಸುಕದೆ ನಿಂತ ಏಕೈಕ ನರ್ತಕಿಯ ಕೈ ಸೇರಿತು. ಒಂಟಿ ಬೂಟಿನಲ್ಲಿ ಕುಂಟುತ್ತ ಬಂದ ಒನೆಸಿಮೊ ಸೊಂಟ ಬಗ್ಗಿಸಿ, “ಮುಂದಿನ ಕುಣಿತಕ್ಕೆ ನಾನು...” ಎಂದ.

“ನೀವು ನಿಮ್ಮ ಬೂಟು ಹುಡುಕ್ಕೊಳ್ಳಿ,” ಎಂದಳು ಎರ್ಮೆಲಿಂದಾ. ಆಮೇಲೆ ನನ್ನತ್ತ ಕೈ ಚಾಚಿದಳು. “ಬಾ, ಮುದುಕಾ. ಕಾರಣ ಏನೇ ಇರ್ಲಿ, ನಿಂತಿದ್ದೆ ತಾನೆ!”

ಬೆಳ್ಳಿ ಬಟ್ಟಲು ಬೀರುವಿನಲ್ಲೇನೂ ಕೂರಲಿಲ್ಲ. ಸಂಜೆಯಾದರೆ ಅವಳು ಅದರ ತುಂಬ ನೀರು ತಂದು, ತಳ ಕಾಣುವವರೆಗೆ ಕುಡಿಸಿ, ನನ್ನನ್ನು ಹಿತ್ತಲಿಗೆ ಅಟ್ಟುತ್ತಾಳೆ. ಗೋಡೆಯ ಮಾನ ಕಳೆದ ತಪ್ಪಿಗೆ ವಠಾರ ನನಗೆ ಸುಣ್ಣ ಬಳಿಯುವ ಶಿಕ್ಷೆ ವಿಧಿಸಿದೆ. ಒಂದು ಕೈ ಗೋಡೆಗೆ, ಇನ್ನೊಂದರಲ್ಲಿ ಕುಂಚ, ಹಿಮ್ಮಡಿ ನೆಲಕ್ಕೆ. ಮೊನ್ನೆ ದಾರಿಹೋಕನೊಬ್ಬ ನನ್ನ ವಾಲುವಿಕೆ ಕಂಡು ಗಾಬರಿಯಿಂದ, “ಗೋಡೆ ಬೀಳತ್ತಾ, ಅಜ್ಜ?” ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಕಿಟಕಿಯಿಂದ ಎರ್ಮೆಲಿಂದಾಳ ಉತ್ತರ ಬಂತು. “ಇಲ್ಲಪ್ಪಾ, ಗೋಡೆ ಗಟ್ಟಿಯಾಗಿದೆ. ಅವರನ್ನ ಅದೇ ಹಿಡ್ಕೊಂಡಿರೋದು!”